ಟೈಲ್ಸ್ ಕೆಲಸ ಮುಗಿಯಿತು, ಹಿಸಾಬು ಆಗಲಿಲ್ಲ. ಬಾಕಿ ಪಗಾರ ತರುವುದು ಹೇಗೆ?

ಇಂಡಿ ಹುಡುಗ (ಪುಣೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾನು ಪುಣೆಯಲ್ಲಿ ಟೆಂಪೊ ಓಡಿಸುತ್ತೇನೆ. ನಮ್ಮ ಇಂಡಿ ಕಡೆಯ 11 ಜನ, ಅವರಲ್ಲಿ ನಮ್ಮ ಕಾಕಾನ ಮಗನೂ ಒಬ್ಬ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ರಾವೇತ್ ಕಡೆ ಒಂದು ದೊಡ್ಡ ಬಿಲ್ಡಿಂಗ್‌ನಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡಿದರು. ಠೇಕೇದಾರ ನಮ್ಮ ಕಡೆಯವನೇ. ಕನ್ನಡ ಮಾತಾಡುತ್ತಾನೆ ಅಂತಲೇ ನಂಬಿದ್ದು. ಐದು ಮಿಸ್ತ್ರಿಗಳಿಗೆ ದಿನಕ್ಕೆ 900, ಆರು ಹೆಲ್ಪರ್‌ಗಳಿಗೆ 600 ಅಂತ ಮಾತು. ಬಾಯಿ ಮಾತು ಅಷ್ಟೇ, ಕಾಗದ ಇಲ್ಲ. ವಾರಕ್ಕೊಮ್ಮೆ ತಲೆಗೆ 1,500 ಖರ್ಚಿ, ಅಂದರೆ ಕೈಖರ್ಚಿನ ದುಡ್ಡು ಕೊಡುತ್ತಿದ್ದ, ಹಿಸಾಬು ಕೊನೆಗೆ ಅಂದಿದ್ದ. 12 ವಾರದಲ್ಲಿ 74 ಹಾಜರಿ ಆಯಿತು. ಖರ್ಚಿ ಕಳೆದು ಎಲ್ಲರದ್ದೂ ಸೇರಿ 4 ಲಕ್ಷದ 1,400 ರೂಪಾಯಿ ಬರಬೇಕು.

ಈಗ ಅವನು ಬಿಲ್ಡರ್ ಬಿಲ್ ಪಾಸ್ ಮಾಡಿಲ್ಲ ಅಂತಾನೆ. ಸೈಟ್ ಎಂಜಿನಿಯರ್ ನೀವು ಯಾರೋ ನಮಗೆ ಗೊತ್ತಿಲ್ಲ, ನಿಮ್ಮ ಠೇಕೇದಾರನನ್ನು ಕೇಳಿ ಅಂತಾನೆ. ಪೊಲೀಸ್ ಚೌಕಿಗೆ ಹೋದರೆ ಇದು ನಿಮ್ಮ ನಿಮ್ಮ ಪೈಸೆಯ ವ್ಯವಹಾರ, ಕೋರ್ಟಿಗೆ ಹೋಗಿ ಅಂದರು. ನಾಲ್ಕು ಜನ ಆಗಲೇ ಊರಿಗೆ ಹೋಗಿಬಿಟ್ಟಿದ್ದಾರೆ.

ಎರಡೇ ಪ್ರಶ್ನೆ. ಇವನನ್ನು ಒಳಗೆ ಹಾಕಿಸಲು ಆಗುತ್ತಾ? ಮತ್ತೆ ದುಡ್ಡು ಬರುತ್ತಾ?

ಮಾಟುಂಗಾ ಮಾಮ

ತಮ್ಮಾ, ನಿನ್ನದು ಓದಿ ನನಗೆ ನನ್ನ ಹಳೆ ಕಥೆ ನೆನಪಾಯಿತು ಮಾರಾಯ. ನಾನು ಕುಂದಾಪುರ ಕಡೆಯಿಂದ 1971ರಲ್ಲಿ ಮುಂಬೈಗೆ ಬಂದವನು, ಮೀಸೆ ಕೂಡ ಮೂಡಿರಲಿಲ್ಲ. ಹೋಟೆಲ್‌ನಲ್ಲಿ ಗ್ಲಾಸು ತೊಳೆಯುವ ಕೆಲಸ. ಊಟ ಅಲ್ಲೇ, ಮಲಗುವುದು ಟೇಬಲ್ ಮೇಲೆ, ರಾತ್ರಿ ಶಾಲೆಗೆ ಬಿಡುತ್ತಿದ್ದರು, ಅದನ್ನು ಮಾತ್ರ ಒಳ್ಳೆಯದು ಅಂತ ಹೇಳಲೇಬೇಕು. ಸಂಬಳ ಮಾತ್ರ ದಣಿಯ ಪುಸ್ತಕದಲ್ಲಿ. ಊರಿಗೆ ಹೋಗುವಾಗ ಒಟ್ಟಿಗೆ ಕೊಡುತ್ತೇನೆ ಅನ್ನುತ್ತಿದ್ದರು. ಎರಡು ವರ್ಷ ಕಳೆದು ಊರಿಗೆ ಹೊರಟಾಗ ಪುಸ್ತಕ ತೆಗೆದರು. ಒಡೆದ ಗ್ಲಾಸು ಇಷ್ಟು, ಚಪ್ಪಲಿಗೆ ಕೊಟ್ಟದ್ದು ಇಷ್ಟು, ಜ್ವರ ಬಂದಾಗ ಡಾಕ್ಟರಿಗೆ ಇಷ್ಟು ಅಂತ ಕಳೆದು ಕಳೆದು ಕೊನೆಗೆ ಕೈಗೆ ಬಂದದ್ದು ಬಸ್ಸಿನ ದುಡ್ಡು ಮತ್ತೆ ಅಮ್ಮನಿಗೆ ಒಂದು ಸೀರೆ. ಕೇಳಲು ಬಾಯಿ ಬರಲಿಲ್ಲ, ನಮ್ಮ ಊರಿನವರೇ ಅಲ್ವಾ.

ಇಲ್ಲಿ ಹೋಟೆಲ್ ಹುಡುಗರನ್ನೂ ಟ್ಯಾಕ್ಸಿಯವರನ್ನೂ ಒಟ್ಟು ಮಾಡಿದ್ದು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅವರಿಗೆ ದಾರಿ ತೋರಿಸಿದ ಕಾರ್ಮಿಕ ನಾಯಕ ಡಿಮೆಲ್ಲೊ ಹೆಸರಿನಲ್ಲಿ ಇಲ್ಲಿ ರಸ್ತೆಯೇ ಇದೆ. ಒಬ್ಬೊಬ್ಬರೇ ಹೋಗಬೇಡಿ, 11 ಜನ ಒಟ್ಟಿಗೆ ಹೋಗಿ. ಕಾನೂನು ಏನು ಅಂತ ವಕೀಲರು ಹೇಳಲಿ.

ಠಾಣೆ ವಕೀಲೆ

ಹೇಳುತ್ತೇನೆ ಮಾಮ. ಇಂಡಿಯವರೇ, ನಿಮ್ಮ ಎರಡು ಪ್ರಶ್ನೆಗೂ ದಾರಿ ಬೇರೆ ಬೇರೆ. ಎಲ್ಲರೂ ಎಡವುವುದು ಇಲ್ಲೇ. ಮಾಲೀಕನಿಗೆ ದಂಡ ಹಾಕಿಸುವುದು ಒಂದು ದಾರಿ. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಜೇಬಿಗಲ್ಲ. ನಿಮ್ಮ ಪಗಾರ ವಸೂಲಿ ಮಾಡುವುದು ಇನ್ನೊಂದು ದಾರಿ, ಅದಕ್ಕೆ ಕ್ಲೇಮ್ ಅರ್ಜಿ ಹಾಕಬೇಕು. ಜನ ಸಿಟ್ಟಿನಲ್ಲಿ ಮೊದಲನೆಯದರ ಹಿಂದೆ ಓಡುತ್ತಾರೆ, ಎರಡನೆಯದು ಹಾಗೇ ಉಳಿಯುತ್ತದೆ.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಸಂಸತ್ತಿನಲ್ಲಿ ಪಾಸಾದದ್ದು 2019ರಲ್ಲಿ, ಆರು ವರ್ಷ ಕಪಾಟಿನಲ್ಲಿತ್ತು. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ ನಾಲ್ಕೂ ಅದರಲ್ಲಿ ಸೇರಿಹೋಗಿವೆ. ನಿಮ್ಮವರು ಕೆಲಸ ಮಾಡಿದ್ದು ಡಿಸೆಂಬರ್‌ನಿಂದ, ಹಾಗಾಗಿ ಹೊಸದೇ ಲೆಕ್ಕಕ್ಕೆ.

ಅದರ 45ನೇ ಕಲಂ ನಿಮಗೆ ಬೇಕಾದದ್ದು. ಕ್ಲೇಮ್ ಕೇಳಲು ಸರ್ಕಾರ ನೇಮಿಸಿದ ಗೆಜೆಟೆಡ್ ದರ್ಜೆಯ ಅಧಿಕಾರಿ ಇರುತ್ತಾರೆ. ಬಾಕಿ ಪಗಾರ ಕೊಡಿಸುವುದಲ್ಲದೆ ಅದರ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಹಾಕುವ ಅಧಿಕಾರ ಅವರಿಗಿದೆ. ಹತ್ತು ಪಟ್ಟು ಸಿಕ್ಕೇಬಿಡುತ್ತದೆ ಅಂತ ಕುಣಿಯಬೇಡಿ. ಅದು ಮೇಲಿನ ಮಿತಿ, ಎಷ್ಟು ಅನ್ನುವುದು ಅಧಿಕಾರಿಗೆ ಬಿಟ್ಟದ್ದು. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಕಾನೂನಿನಲ್ಲಿದೆ. "ಪ್ರಯತ್ನಿಸಬೇಕು" ಅನ್ನುವ ಮಾತನ್ನು ಗಮನಿಸಿ. ಆದೇಶ ಆದ ಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿಗೆ ಪತ್ರ ಹೋಗುತ್ತದೆ, ಆಗ ಭೂಕಂದಾಯದ ಬಾಕಿ ಎಳೆದ ಹಾಗೆ ಎಳೆಯುತ್ತಾರೆ.

11 ಜನಕ್ಕೂ ಸೇರಿ ಒಂದೇ ಅರ್ಜಿ ನಡೆಯುತ್ತದೆ. ಅರ್ಜಿ ಕೆಲಸ ಮಾಡಿದ ಜಾಗದಲ್ಲೇ ಹಾಕಬೇಕು, ಇಂಡಿಯಲ್ಲಿ ಅಲ್ಲ. ಪುಣೆಯ ಕಾಮಗಾರ ಕಚೇರಿ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿ, ಶಿವಾಜಿನಗರದ ವಾಕಡೇವಾಡಿಯಲ್ಲಿದೆ. ಮುಂಬೈಯವರಿಗೆ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕಾಮಗಾರ ಭವನ.

ಇಂಡಿ ಹುಡುಗ (ಪುಣೆ)

ಅಕ್ಕಾರೆ, ತುಂಬಾ ಉಪಕಾರ ಆಯಿತು. ಆದರೆ ಅರ್ಜಿ ಯಾರ ಮೇಲೆ ಹಾಕುವುದು? ಠೇಕೇದಾರನ ಹತ್ತಿರ ಒಂದು ಹಳೆ ಬೈಕು ಬಿಟ್ಟರೆ ಏನೂ ಇಲ್ಲ. ಬಿಲ್ಡರ್ ನಮ್ಮನ್ನು ಗುರುತೇ ಇಲ್ಲ ಅಂತಾನೆ.

ಠಾಣೆ ವಕೀಲೆ

ಇಬ್ಬರ ಮೇಲೂ ಹಾಕಿ. 43ನೇ ಕಲಂ ಓದಿ. ಕೆಲಸಕ್ಕೆ ಇಟ್ಟುಕೊಂಡವನು ಪಗಾರ ಕೊಡದಿದ್ದರೆ, ಆ ಕೆಲಸ ನಡೆದ ಜಾಗದ ಒಡೆತನ ಯಾರದ್ದೋ ಆ ಕಂಪನಿ ಅಥವಾ ವ್ಯಕ್ತಿಯೇ ಕೊಡಬೇಕು. ಇದೇನು ಹೊಸ ಮಾತಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಮೂಲ ಮಾಲೀಕ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಅಂತ ಇತ್ತು. ಬಿಲ್ಡರ್‌ಗೆ ಸುಲಭ ಕೂಡ, ಠೇಕೇದಾರನ ಬಿಲ್‌ನಲ್ಲಿ ಹಿಡಿದುಕೊಂಡರೆ ಆಯಿತು. ಗುರುತಿಲ್ಲ ಅನ್ನುವುದು ಮೊದಲ ನೋಟಿಸ್ ಬರುವವರೆಗೆ.

ಇನ್ನೊಂದು ದೊಡ್ಡ ವಿಷಯ, 59ನೇ ಕಲಂ. ದುಡ್ಡು ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದ್ದು. ಕೊಟ್ಟಿಲ್ಲ ಅಂತ ನೀವು ಸಾಬೀತು ಮಾಡಬೇಕಿಲ್ಲ. ಆದರೆ ನೀವು ಅಲ್ಲಿ ಕೆಲಸ ಮಾಡಿದ್ದೀರಿ ಅನ್ನುವುದನ್ನು ನೀವೇ ತೋರಿಸಬೇಕು. ಏನಿದೆ ನಿಮ್ಮ ಹತ್ತಿರ? ಏನಾದರೂ ಸರಿ.

ನಾಕಾ ನಂಬರ್ ಒನ್ (ನವಿ ಮುಂಬೈ)

ನಾನು 18 ವರ್ಷದಿಂದ ಸೆಂಟ್ರಿಂಗ್ ಕೆಲಸದಲ್ಲಿದ್ದೇನೆ, ನನ್ನ ಮಾತು ಕೇಳಿ. ದೊಡ್ಡ ಸೈಟ್ ಆದರೆ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಇರುತ್ತದೆ, ಒಳಗೆ ಹೋಗುವಾಗ ಹೆಸರು ಬರೆಸುತ್ತಾರೆ. ಕೆಲವು ಕಡೆ ಹೆಲ್ಮೆಟ್ ನಂಬರ್ ಕೊಡುತ್ತಾರೆ, ಸೇಫ್ಟಿಯವನು ಬೆಳಿಗ್ಗೆ ನಿಲ್ಲಿಸಿ ಫೋಟೊ ತೆಗೆಯುತ್ತಾನೆ. ಅದೆಲ್ಲ ಬಿಲ್ಡರ್ ಹತ್ತಿರವೇ ಇರುವ ಸಾಕ್ಷಿ. ಅದನ್ನು ತರಿಸಿ ಅಂತ ಅರ್ಜಿಯಲ್ಲೇ ಬರೆಯಿರಿ.

ಖರ್ಚಿ ಫೋನ್‌ಪೇಯಲ್ಲಿ ಬಂದಿದ್ದರೆ ಗೆದ್ದ ಹಾಗೇ. ಪ್ರತಿ ವಾರ ಒಂದೇ ನಂಬರ್‌ನಿಂದ 1,500 ಬಂದಿದೆ ಅಂದರೆ ಅವನೇನು ನಿಮ್ಮ ಸೋದರಮಾವನಾ ಸುಮ್ನೆ ಕಳಿಸಲು? ವಾಟ್ಸಾಪ್‌ನಲ್ಲಿ ಟೈಲ್ಸ್ ಫೋಟೊ ಕಳಿಸಿದ್ದು, "ನಾಳೆ ಸಿ ವಿಂಗ್ ಏಳನೇ ಮಹಡಿ" ಅಂತ ವಾಯ್ಸ್ ಮೆಸೇಜ್, ಎಲ್ಲಾ ಇಟ್ಟುಕೊಳ್ಳಿ. ಫೋನ್ ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಇಂಡಿ ಹುಡುಗ (ಪುಣೆ)

ಮೊದಲ ನಾಲ್ಕು ವಾರ ಕೈಯಲ್ಲಿ ಕೊಟ್ಟಿದ್ದಾನೆ, ಆಮೇಲೆ ಎಂಟು ವಾರ ಫೋನ್‌ಪೇ. ಮತ್ತೆ ಒಂದು ವಹಿ ಇದೆ. ನಮ್ಮ ತಮ್ಮ ಹತ್ತನೇ ತನಕ ಓದಿದವನು, ದಿನಾ ರಾತ್ರಿ ಶೆಡ್‌ನಲ್ಲಿ ಕೂತು 11 ಜನರ ಹೆಸರ ಮುಂದೆ ಹಾಜರಿ ಬರೆದಿದ್ದಾನೆ. ಎಷ್ಟು ಗಂಟೆಗೆ ಬಿಟ್ಟರು ಅಂತಲೂ ಬರೆದಿದ್ದಾನೆ. ಎಲ್ಲರೂ ನಗುತ್ತಿದ್ದರಂತೆ, ಮಾಸ್ತರ್ ಅಂತ ಕರೆಯುತ್ತಿದ್ದರಂತೆ.

ಠಾಣೆ ವಕೀಲೆ

ಆ ಮಾಸ್ತರ್‌ಗೆ ನನ್ನ ನಮಸ್ಕಾರ ಹೇಳಿ. ವಹಿಯ ಎಲ್ಲ ಪುಟಗಳ ಫೋಟೊ ಇವತ್ತೇ ತೆಗೆಯಿರಿ. ಅದಕ್ಕೆ ಒಂದಕ್ಷರವನ್ನೂ ಈಗ ಸೇರಿಸಬೇಡಿ, ತಿದ್ದಬೇಡಿ. ಗಂಟೆ ಬರೆದಿದ್ದರೆ ಇನ್ನೂ ಒಳ್ಳೆಯದು, ಓವರ್‌ಟೈಮ್‌ಗೆ ಎರಡು ಪಟ್ಟು ದರ ಕೇಳಬಹುದು. ಹಾಜರಿ ಮತ್ತು ಪಗಾರದ ದಾಖಲೆ ಇಡುವುದು, ಪಗಾರ ಚೀಟಿ ಕೊಡುವುದು ಮಾಲೀಕನ ಕೆಲಸ. ಇಡದಿದ್ದರೆ ಅದಕ್ಕೇ ಬೇರೆ 10,000ದವರೆಗೆ ದಂಡ ಇದೆ.

ಡೊಂಬಿವಲಿ ಹೋಟೆಲ್

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬೈಯುವವರು ಬೈಯಿರಿ. ನನ್ನದು ಸಣ್ಣ ಹೋಟೆಲ್, ಒಂಬತ್ತು ಜನ ಹುಡುಗರು. ಮಾಲೀಕ ಅಂದ ತಕ್ಷಣ ಕಳ್ಳ ಅನ್ನುವುದು ಸರಿಯಲ್ಲ. ಹಬ್ಬದ ಮುಂಚೆ 20,000 ಅಡ್ವಾನ್ಸ್ ತೆಗೆದುಕೊಂಡು ಊರಿಗೆ ಹೋದ ಹುಡುಗ ವಾಪಸ್ ಬರಲಿಲ್ಲ, ಪಕ್ಕದ ಸ್ಟೇಷನ್‌ನಲ್ಲಿ ಇನ್ನೊಂದು ಹೋಟೆಲ್ ಸೇರಿದ. ಅದಕ್ಕೆ ಯಾವ ಕಲಂ ಇದೆ? ಅದಕ್ಕೇ ನಾವು ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುವುದು. ಬಾಡಿಗೆ, ಗ್ಯಾಸು, ಆನ್‌ಲೈನ್ ಆರ್ಡರ್ ಕಂಪನಿಗಳ ಕಮಿಷನ್ ಎಲ್ಲಾ ಕಳೆದು ನಮಗೆ ಉಳಿಯುವುದು ಏನು ಅಂತ ಯಾರೂ ಕೇಳಲ್ಲ.

ಠಾಣೆ ವಕೀಲೆ

ಬೈಯಲ್ಲ ಶೆಟ್ರೆ, ಬರೆದದ್ದು ಒಳ್ಳೆಯದೇ ಆಯಿತು. ಅಡ್ವಾನ್ಸ್ ಕಳೆದುಕೊಳ್ಳಲು ಕಾನೂನು ಬಿಡುತ್ತದೆ. ಆದರೆ ಎಲ್ಲ ಕಡಿತ ಸೇರಿ ಆ ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. ದಂಡ ಅಂತ ಕಳೆಯುವುದಾದರೆ ತಿಂಗಳ ಸಂಬಳದ ಶೇಕಡಾ 3ರ ಒಳಗೆ. ಗ್ಲಾಸು ಒಡೆದದ್ದಕ್ಕೆ ಕಳೆಯಬೇಕೆಂದರೆ ಅವನ ಅಜಾಗರೂಕತೆಯಿಂದಲೇ ಒಡೆದಿರಬೇಕು, ಅವನ ಮಾತನ್ನೂ ಕೇಳಿರಬೇಕು. ಮಾಟುಂಗಾ ಮಾಮ, ನಿಮ್ಮ ದಣಿಯ ಪುಸ್ತಕ ಇವತ್ತು ಒಂದು ಗಂಟೆಯೂ ನಿಲ್ಲಲ್ಲ!

ಒಂದು ತಿಂಗಳದ್ದು ಹಿಡಿದಿಟ್ಟುಕೊಳ್ಳುವುದು ಮಾತ್ರ ತಪ್ಪು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸದಿಂದ ತೆಗೆದರೂ, ಅವನೇ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ಒಬ್ಬ ಹುಡುಗ ಓಡಿಹೋದದ್ದಕ್ಕೆ ಉಳಿದ ಎಂಟು ಜನರ ಸಂಬಳ ಒತ್ತೆ ಇಟ್ಟುಕೊಂಡರೆ ಹೇಗೆ?

ಡೊಂಬಿವಲಿ ಹೋಟೆಲ್

ಎರಡು ದಿನದಲ್ಲಿ ಅಂದರೆ ಕಷ್ಟ ಇದೆ. ಆದರೂ ನೋಡುತ್ತೇನೆ.

ವಾಸ್ಕೊ ಅಕ್ಕ

ಗೋವಾದಲ್ಲೂ ಇದೇ ಗೋಳು. ನಮ್ಮ ಝುವಾರಿನಗರದ ಕಡೆ ಬಾಗಲಕೋಟೆ, ಗದಗ, ಹಾವೇರಿಯ ಹೆಣ್ಣುಮಕ್ಕಳು ಹೋಟೆಲ್ ರೂಮ್ ಕ್ಲೀನಿಂಗ್‌ಗೆ ಹೋಗುತ್ತಾರೆ, ಕಾಂಟ್ರಾಕ್ಟರ್ ಮೂಲಕ. ಮಳೆ ಶುರುವಾದರೆ ಟೂರಿಸ್ಟ್ ಕಡಿಮೆ, ಜೂನ್‌ನಲ್ಲಿ ನಾಳೆಯಿಂದ ಬರಬೇಡಿ ಅಂತಾನೆ, ಮೇ ತಿಂಗಳ ಸಂಬಳ ಸೀಸನ್ ಶುರುವಾದಾಗ ಅಂತಾನೆ. ಅಕ್ಟೋಬರ್‌ನಲ್ಲಿ ಬೇರೆ ಕಾಂಟ್ರಾಕ್ಟರ್ ಬಂದಿರುತ್ತಾನೆ! ಆ ಎರಡು ದಿನದ ಲೆಕ್ಕ ನಮಗೂ ಬರುತ್ತಾ? ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು? ವಕೀಲರಿಗೆ ಕೊಡಲು ನಮ್ಮ ಹತ್ತಿರ ದುಡ್ಡಿಲ್ಲ.

ಠಾಣೆ ವಕೀಲೆ

ನಿಮಗೂ ಬರುತ್ತದೆ ಅಕ್ಕ. ಹಳೆ ಕಾನೂನಿನಲ್ಲಿ ಕನಿಷ್ಠ ವೇತನದ ಅರ್ಜಿಗೆ ಆರು ತಿಂಗಳು, ಪಗಾರ ಬಾಕಿಯ ಅರ್ಜಿಗೆ ಒಂದು ವರ್ಷ ಅವಧಿ ಇತ್ತು. ಈಗ ಮೂರು ವರ್ಷ. ಊರಿಗೆ ಹೋಗಿ ಬಂದು ಹಾಕಿದರೂ ನಡೆಯುತ್ತದೆ, ಆದರೆ ಸಾಕ್ಷಿ ತಣ್ಣಗಾಗುವ ಮೊದಲೇ ಹಾಕಿ. ವಕೀಲರ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಿಮಗೆ ಹೆಣ್ಣು ಅನ್ನುವ ಒಂದೇ ಕಾರಣ ಸಾಕು, ಆದಾಯದ ಚೀಟಿ ಕೇಳುವ ಹಾಗಿಲ್ಲ.

ಹಿಂಜವಡಿ ಕೋಡರ್

ಕೂಲಿಯವರ ಮಧ್ಯೆ ನಾನು ಬಂದೆ ಅಂತ ನಗಬೇಡಿ. ನನ್ನದೊಂದು ಸ್ಟಾರ್ಟಪ್, ಅಂದರೆ ನಾನು ಕೆಲಸಕ್ಕಿದ್ದದ್ದು. ಟೀಮ್ ಮ್ಯಾನೇಜರ್. ಎರಡು ತಿಂಗಳ ಸಂಬಳ ಬಂದಿಲ್ಲ, ರಾಜೀನಾಮೆ ಕೊಟ್ಟು ಎರಡು ತಿಂಗಳಾಯಿತು, ಫೈನಲ್ ಸೆಟಲ್‌ಮೆಂಟ್ ಫಂಡಿಂಗ್ ಬಂದ ಮೇಲೆ ಅಂತಾರೆ. ದಿವಾಳಿ ಕೋರ್ಟಿಗೆ ಎಳೆಯುತ್ತೇನೆ ಅಂತ ಹೆದರಿಸು ಅಂತ ಫ್ರೆಂಡ್ ಹೇಳಿದ.

ಠಾಣೆ ವಕೀಲೆ

ಆ ಫ್ರೆಂಡ್ 2020ಕ್ಕಿಂತ ಹಿಂದಿನ ಮಾತು ಹೇಳುತ್ತಿದ್ದಾರೆ. ಆಗ 1 ಲಕ್ಷ ಬಾಕಿ ಇದ್ದರೂ ಹೋಗಬಹುದಿತ್ತು. 2020ರ ಮಾರ್ಚ್‌ನಲ್ಲಿ ಆ ಮಿತಿ 1 ಕೋಟಿಗೆ ಏರಿತು. ಒಬ್ಬರ ಸಂಬಳ ಅಷ್ಟು ಬಾಕಿ ಇರುವುದು ಕಷ್ಟ ಅಲ್ವಾ.

ನಿಮ್ಮಂಥವರಿಗೆ ಹೊಸ ಕಾನೂನಿನಲ್ಲಿ ನಿಜವಾಗಿ ಲಾಭ ಇದೆ. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000ದವರೆಗೆ ಸಂಬಳ ಇದ್ದವರಿಗೆ ಮಾತ್ರ ಇತ್ತು. ಈಗ ಆ ಗೆರೆ ಇಲ್ಲ, ಮ್ಯಾನೇಜರ್, ಸೂಪರ್‌ವೈಸರ್ ಕೂಡ "ಉದ್ಯೋಗಿ" ಅನ್ನುವ ಮಾತಿನೊಳಗೆ ಬರುತ್ತಾರೆ. ಟೈಲ್ಸ್ ಮಿಸ್ತ್ರಿ ಹಾಕುವ ಅರ್ಜಿಯನ್ನೇ ನೀವೂ ಹಾಕಿ. ನಿಮ್ಮ ಹತ್ತಿರ ಆಫರ್ ಲೆಟರ್ ಇದೆ, ಪೇಸ್ಲಿಪ್ ಇದೆ, ಅವರಿಗಿಂತ ನಿಮ್ಮದು ಸುಲಭ.

ನಾಕಾ ನಂಬರ್ ಒನ್ (ನವಿ ಮುಂಬೈ)

ಅಕ್ಕ, ಒಳಗೆ ಹಾಕಿಸುವ ವಿಷಯ ಹೇಳಲೇ ಇಲ್ಲ. ಇಂಡಿಯವನು ಮೊದಲು ಕೇಳಿದ್ದೇ ಅದು.

ಠಾಣೆ ವಕೀಲೆ

ಬೇಕಂತಲೇ ಕೊನೆಗೆ ಇಟ್ಟೆ. 1948ರ ಕಾಯ್ದೆಯಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 500 ರೂಪಾಯಿ! ಅಷ್ಟಕ್ಕೆ ನಾಲ್ಕು ಜನ ಹೊಟ್ಟೆ ತುಂಬಾ ಊಟ ಮಾಡಲೂ ಆಗಲ್ಲ. ಈಗ ಮೊದಲ ಸಲಕ್ಕೆ 50,000ದವರೆಗೆ ದಂಡ, ಜೈಲಿಲ್ಲ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಅದರ ಮೇಲೆ, ದಾಖಲೆ ಇಡದಿರುವಂಥ ಬೇರೆ ತಪ್ಪಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವನ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಹಾಕುವ ಮೊದಲು ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು, ಸರಿಪಡಿಸಿದರೆ ಕೇಸೇ ಇಲ್ಲ. ಅಂದರೆ ದಂಡ ನೂರು ಪಟ್ಟು ಏರಿತು, ಆದರೆ ಹೆದರಿಕೆ ಅಷ್ಟು ಏರಲಿಲ್ಲ ಅಂತ ನನ್ನ ಅಭಿಪ್ರಾಯ. ಬೇರೆ ವಕೀಲರು ಒಪ್ಪದೇ ಇರಬಹುದು.

ಪೊಲೀಸರ ಮಾತು: ಶುರುವಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಿದರೆ ವಂಚನೆ ಕೇಸ್ ಆಗುತ್ತದೆ. 12 ವಾರ ಖರ್ಚಿ ಕೊಟ್ಟವನ ಮೇಲೆ ಅದನ್ನು ತೋರಿಸುವುದು ಕಷ್ಟ.

ಮಾಟುಂಗಾ ಮಾಮ

ಒಂದು ಮಾತು ಸೇರಿಸಲೇ? ದೆಹಲಿಯ ಏಷ್ಯನ್ ಗೇಮ್ಸ್ ಸ್ಟೇಡಿಯಂಗಳನ್ನು ಕಟ್ಟಿದ ಕೂಲಿಯವರ ಕೇಸು 1982ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯಿತು. ಕೇಸು ಶುರುವಾದದ್ದು ನ್ಯಾಯಮೂರ್ತಿ ಭಗವತಿಯವರಿಗೆ ಬರೆದ ಒಂದು ಪತ್ರದಿಂದ. ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ, ಅದರಲ್ಲಿ ಕೂಲಿಯವರನ್ನು ಕರೆತರುವ ಜಮಾದಾರ ಒಂದು ರೂಪಾಯಿ ಕಮಿಷನ್ ಹೊಡೆಯುತ್ತಿದ್ದ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ಬೇಡ ಅಂದಿರುವ ಬಲವಂತದ ದುಡಿಮೆಯೇ ಅಂತ ಕೋರ್ಟ್ ಹೇಳಿತು. ಬೆನ್ನ ಹಿಂದೆ ಬೆತ್ತ ಹಿಡಿದವನು ಇರಬೇಕಿಲ್ಲ, ಹಸಿವೂ ಬಲವಂತವೇ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಾನು ಅದನ್ನು ನಿವೃತ್ತಿಯ ನಂತರ ಓದಿದ್ದು. ಟೇಬಲ್ ಮೇಲೆ ಮಲಗಿದ ದಿನಗಳು ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಇಂಡಿ ಹುಡುಗ (ಪುಣೆ)

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಅರ್ಜಿ ಹಾಕಿದೆವು, ಠೇಕೇದಾರ ಮತ್ತು ಬಿಲ್ಡರ್ ಇಬ್ಬರ ಹೆಸರೂ ಬರೆದೆವು. ಊರಿಗೆ ಹೋದ ನಾಲ್ಕು ಜನರ ಸಹಿ ಬೇಕಿತ್ತು, ನಮ್ಮ ತಮ್ಮ ರಾತ್ರಿ ಬಸ್ಸಿಗೆ ಹೋಗಿ ಹೊಲದಲ್ಲೇ ಸಹಿ ಹಾಕಿಸಿಕೊಂಡು ಬಂದ. ಬಿಲ್ಡರ್‌ಗೆ ನೋಟಿಸ್ ಮುಟ್ಟಿದ ದಿನವೇ ಸಂಜೆ ಸೈಟ್ ಆಫೀಸಿನಿಂದ ಫೋನ್. ಗುರುತಿಲ್ಲ ಅಂದಿದ್ದ ಅದೇ ಎಂಜಿನಿಯರ್, ಈಗ ಚಹಾ ತರಿಸಿದ.

ಠೇಕೇದಾರನೂ ಬಂದಿದ್ದ. 2 ಲಕ್ಷ ಕೊಡುತ್ತೇನೆ, ಪೂರ್ತಿ ಬಂದಿದೆ ಅಂತ ಬರೆದುಕೊಡಿ ಅಂದ. ಒಂದು ಚೆಕ್ ಕೂಡ ತೆಗೆದ. ನಮ್ಮಲ್ಲೇ ಮೂರು ಜನ ತೆಗೆದುಕೊಂಡುಬಿಡೋಣ ಅಂದರು. ಅವರನ್ನು ಬೈಯಲು ಆಗಲ್ಲ, ಒಬ್ಬನ ಮನೆಯಲ್ಲಿ ಹೆರಿಗೆ, ಇನ್ನೊಬ್ಬನಿಗೆ ಸಾಲದವರ ಕಾಟ. ಹೊರಗೆ ರಸ್ತೆಯಲ್ಲಿ ನಿಂತು ಅರ್ಧ ಗಂಟೆ ಜಗಳ ಆಡಿದೆವು. ಅಕ್ಕಾರೆ, ಏನು ಮಾಡಲಿ? ನಾಳೆ ಉತ್ತರ ಕೊಡಬೇಕು.

ಠಾಣೆ ವಕೀಲೆ

ದುಡ್ಡು ಬೇಡ ಅನ್ನಬೇಡಿ. "ಪೂರ್ತಿ" ಅನ್ನುವ ಪದಕ್ಕೆ ಸಹಿ ಹಾಕಬೇಡಿ. ಬರಬೇಕಾದ ಪಗಾರ ಬಿಟ್ಟುಕೊಡುತ್ತೇನೆ ಅನ್ನುವ ಒಪ್ಪಂದ 60ನೇ ಕಲಂ ಪ್ರಕಾರ ಅಸಿಂಧು, ನಿಜ. ಆದರೆ ಪೂರ್ತಿ ಪಡೆದಿದ್ದೇನೆ ಅಂತ ನೀವೇ ಬರೆದುಕೊಟ್ಟರೆ ಅವನಿಗೆ ಸಾಕ್ಷಿ ಒದಗಿಸಿದ ಹಾಗೆ. "ಬಾಕಿಯ ಪೈಕಿ ಇಷ್ಟು ಬಂದಿದೆ" ಅಂತ ಬರೆಯಿರಿ. ಮೂರು ಜನರ ಕಷ್ಟ ಮೊದಲು ತೀರಲಿ, ಬಂದದ್ದರಲ್ಲಿ ಅವರಿಗೆ ಮುಂಚೆ ಕೊಡಿ.

ಠೇಕೇದಾರನ ಚೆಕ್ ಬೇಡ, ಬಿಲ್ಡರ್ ಕಡೆಯಿಂದ ನೇರ ಖಾತೆಗೆ ಹಾಕಿಸಿ. ಚೆಕ್ ತೆಗೆದುಕೊಳ್ಳಲೇಬೇಕಾಗಿ ಬಂದು ಅದು ಬೌನ್ಸ್ ಆದರೆ, ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಮುಟ್ಟಿದ 15 ದಿನದೊಳಗೆ ಕೊಡದಿದ್ದರೆ ಕೇಸ್ ಹಾಕಬಹುದು. ಅದರಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ನೋಡಿ ತಮಾಷೆ, ಪಗಾರ ಕೊಡದಿದ್ದರೆ ಮೊದಲ ಸಲ ಜೈಲಿಲ್ಲ, ಚೆಕ್ ಬೌನ್ಸ್ ಆದರೆ ಇದೆ.

ಇಂಡಿ ಹುಡುಗ (ಪುಣೆ)

ನೀವು ಹೇಳಿದ ಹಾಗೇ ಮಾಡಿದೆವು. ಬಿಲ್ಡರ್ ಠೇಕೇದಾರನ ಬಿಲ್‌ನಿಂದ ಹಿಡಿದು 3 ಲಕ್ಷ ಖಾತೆಗಳಿಗೆ ಹಾಕಿದ್ದಾನೆ. ಹೆರಿಗೆಯವನಿಗೂ ಸಾಲದವನಿಗೂ ಪೂರ್ತಿ ಕೊಟ್ಟೆವು. ಉಳಿದ 1 ಲಕ್ಷದ 1,400 ಮತ್ತು ಓವರ್‌ಟೈಮ್ ಅರ್ಜಿಯಲ್ಲಿ ಹಾಗೇ ಇದೆ. ಓವರ್‌ಟೈಮ್ ಮಾಡೇ ಇಲ್ಲ, ಆರು ಗಂಟೆಗೆ ಬಿಡುತ್ತಿದ್ದೆ ಅಂತ ಠೇಕೇದಾರ ಬರೆದುಕೊಟ್ಟಿದ್ದಾನೆ. ಮುಂದಿನ ತಾರೀಖಿಗೆ 11 ಜನವೂ ಬರಬೇಕಾ? ಮಳೆ ಬಂದಿದೆ, ಊರಲ್ಲಿ ಬಿತ್ತನೆ ನಡೆದಿದೆ.

ಠಾಣೆ ವಕೀಲೆ

ಎಲ್ಲರೂ ಬೇಡ, ಬಿತ್ತನೆ ಮಾಡಲಿ. ಮಾಸ್ತರ್ ಒಬ್ಬ ಬರಲಿ. ವಹಿಯ ಫೋಟೊ ಸಾಲದು, ವಹಿಯನ್ನೇ ತರಲು ಹೇಳಿ.